ಮಾವನವರ ಕಾರಮೆಲ್

ಮಾವನ ಮನೆಗೆ ಹೋದ ಅಳಿಯನ ಬಗ್ಗೆ ನಮ್ಮ ಹಿರಿಯರು ಬೇಕಾದಷ್ಟು ಗಾದೆ ಕಟ್ಟಿಟ್ಟಿದ್ದಾರೆ. ಅಲ್ಲಿ ಎಷ್ಟು ದಿನ ಇದ್ದರೆ ಹೋಳಿಗೆ, ಎಷ್ಟು ದಿನ ದಾಟಿದರೆ ಪೊರಕೆ ಎಂಬುದನ್ನು ಪಂಚಾಂಗದಷ್ಟು ಖಚಿತವಾಗಿ ಹೇಳಿದ್ದಾರೆ. ಆದರೆ ಅಳಿಯನ ಮನೆಗೆ ಮಾವ ಬಂದರೆ ಅಳಿಯನಾದವನು ಏನು ಮಾಡಬೇಕು ಎಂಬ ಬಗ್ಗೆ ನನಗೆ ತಿಳಿದ ಮಟ್ಟಿಗೆ ಒಂದು ಗಾದೆಯೂ ಇಲ್ಲ. ಹಿಂದಿನ ಕಾಲದಲ್ಲಿ ಹೆಣ್ಣು ಕೊಟ್ಟವರು ಮಗಳ ಮನೆಯಲ್ಲಿ ನೀರು ಕುಡಿಯುವುದಕ್ಕೂ ಸಂಕೋಚಪಡುತ್ತಿದ್ದರೆಂದು ಕೇಳಿದ್ದೇನೆ. ಅಷ್ಟು ಒಳ್ಳೆಯ ಪದ್ಧತಿಯನ್ನು ನಮ್ಮ ಜನ ಯಾಕೆ ಕೈಬಿಟ್ಟರೋ ನನಗೆ ಅರ್ಥವಾಗುವುದಿಲ್ಲ.

ನಾನು ಹುಟ್ಟಾ ಮಲಗುವ ಮನುಷ್ಯ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಮ್ಮ ಕಚೇರಿಯಲ್ಲಿ ಹಳೆಯ ಕಾಗದಗಳೆಲ್ಲ ತಮಿಳು, ಇಂಗ್ಲಿಷು. ಹೊಸ ಕಾಗದಗಳೆಲ್ಲ ಕನ್ನಡ. ಈ ಎರಡರ ನಡುವೆ ತೂಕಡಿಸುವುದಕ್ಕೆ ಸರ್ಕಾರ ನನಗೆ ಗುಮಾಸ್ತನೆಂದು ಹೆಸರು ಕೊಟ್ಟು ಸಂಬಳ ಕೊಡುತ್ತಿತ್ತು. ಆ ವರ್ಷ ದಸರೆಗೆ ಸೇರಿಸಿ ಒಂದಿಷ್ಟು ಸ್ವಂತ ರಜೆಯನ್ನೂ ಹಾಕಿದೆ. ಹಿತ್ತಲ ಹೊಂಗೆ ಮರದ ಕೆಳಗೆ ಹಗ್ಗದ ಮಂಚ ಹಾಕಿಕೊಂಡು, ಬೆಳಗಿನ ನಿದ್ದೆ, ಮಧ್ಯಾಹ್ನದ ನಿದ್ದೆ, ಅವೆರಡರ ನಡುವೆ ಒಂದು ಸಣ್ಣ ನಿದ್ದೆ ಎಂದು ನನ್ನ ರಜೆಯನ್ನು ಅಚ್ಚುಕಟ್ಟಾಗಿ ಯೋಜಿಸಿದ್ದೆ. ಮಂಚದ ಹಗ್ಗ ಬಿಗಿದು, ಕೂತು ಪರೀಕ್ಷಿಸಿ, ಇನ್ನೇನು ಕಾಲು ಚಾಚಬೇಕು, ಅಷ್ಟರಲ್ಲಿ ಬಾಗಿಲ ಮುಂದೆ ಜಟಕಾ ನಿಂತಿತು. ಅದರಿಂದ ಒಂದು ಟ್ರಂಕು ಇಳಿಯಿತು, ಆಮೇಲೆ ಒಂದು ಬೆತ್ತ ಇಳಿಯಿತು, ಕೊನೆಗೆ ಪಾಂಡಿಚೇರಿಯಿಂದ ನನ್ನ ಮಾವ ಗುರುಮಲ್ಲಪ್ಪನವರು ಇಳಿದರು.

ಮಾವನವರು ಮೂಲತಃ ನಮ್ಮ ಕಡೆಯವರೇ. ಹುಡುಗರಾಗಿದ್ದಾಗ ಕೊಳ್ಳೇಗಾಲದ ರೇಷ್ಮೆ ಗಂಟಿನ ಜೊತೆ ಪಾಂಡಿಚೇರಿಗೆ ಹೋದವರು ಅಲ್ಲೇ ಉಳಿದುಬಿಟ್ಟರು. ರೇಷ್ಮೆ ಕೊಳ್ಳುತ್ತಿದ್ದ ಫ್ರೆಂಚ್ ವರ್ತಕನೊಬ್ಬ ಇವರನ್ನು ಮೆಚ್ಚಿ ತನ್ನ ಬಂಗಲೆಯ ಉಗ್ರಾಣ ಮತ್ತು ಊಟದ ಮನೆಯ ಯಜಮಾನಿಕೆಯನ್ನು ಇವರ ಕೈಗೆ ಕೊಟ್ಟ. ಮೂರು ಬೆರಳು ವಿಭೂತಿ ಬಳಿದುಕೊಳ್ಳುವ, ಮೊಟ್ಟೆಯ ಹೆಸರು ಕೇಳಿದರೆ ಬಾಯಿ ಮುಕ್ಕಳಿಸುವ ಮನೆತನದವರನ್ನು ಆ ದೊರೆ ಅಡುಗೆಮನೆಗೆ ಯಾಕೆ ಹಾಕಿದನೆಂದು ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ. ಮಾವನವರು ಮೀಸೆಯೊಳಗೇ ನಕ್ಕು, “ಮುಟ್ಟದವನು ಕದಿಯೋದಿಲ್ಲ ಅನ್ನೋದು ದೊರೆ ಲೆಕ್ಕ” ಎಂದಿದ್ದರು. ದೊರೆ ತನ್ನ ದೇಶಕ್ಕೆ ಹೋಗುವವರೆಗೂ ಆ ಮನೆಯ ಮೇಜಿಗೆ ಇವರೇ ತಟ್ಟೆ ಹೊತ್ತರು. ಆಮೇಲೆ ಅಲ್ಲೇ ಮಗನ ಮನೆಯಲ್ಲಿದ್ದರು. ನನ್ನ ಅತ್ತೆಯವರು ತೀರಿಕೊಂಡ ಮೇಲೆ ಅವರಿಗೆ ಒಂದು ಕಡೆ ಕೂರುವುದೇ ಆಗದು ಎಂದು ನನ್ನ ಹೆಂಡತಿ ದಾಕ್ಷಾಯಿಣಿ ಆಗಾಗ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ಬಾಯಿಮಾತಿನ ವರ್ಣನೆ ಎಂದುಕೊಂಡಿದ್ದೆ. ಬಂದ ದಿನವೇ ಅಕ್ಷರಶಃ ನಿಜವೆಂದು ತಿಳಿಯಿತು. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಜಗಲಿಗೆ ಬೆತ್ತದ ಸದ್ದು ಓಡಾಡುತ್ತಲೇ ಇತ್ತು. ಪ್ರತಿ ಸಲ ನನ್ನ ಮಂಚದ ಹತ್ತಿರ ಬಂದಾಗ ಒಂದು ಗಳಿಗೆ ನಿಲ್ಲುತ್ತಿತ್ತು. ಮಾವ ತಲೆಯ ಬಳಿ ನಿಂತಿರುವಾಗ ನಿದ್ದೆ ಮಾಡಬಲ್ಲ ಅಳಿಯ ಇನ್ನೂ ಹುಟ್ಟಿಲ್ಲ.

ಊಟಕ್ಕೆ ಕೂತರೆ ಇನ್ನೊಂದು ಪ್ರಕರಣ. ಎದುರಿಗೆ ದಾಕ್ಷಾಯಿಣಿ ಬಡಿಸಿದ ರಾಗಿಮುದ್ದೆ, ಬಸ್ಸಾರು. ಮಾವನವರ ಬಾಯಲ್ಲಿ ಮಾತ್ರ ಫ್ರೆಂಚರ ಊಟದ ಮಾತು. ಆ ರೊಟ್ಟಿಯನ್ನು ಮುರಿದರೆ ಒಣ ಕಡ್ಡಿ ಮುರಿದಷ್ಟು ಸದ್ದಾಗಬೇಕಂತೆ. ಸೂಪಿನ ಹಬೆ ಊದುಬತ್ತಿಯ ಹೊಗೆಯಂತೆ ನೆಟ್ಟಗೆ ಏಳಬೇಕಂತೆ. ಬಿಸಿ ಅಡುಗೆಯನ್ನು ತಣ್ಣನೆಯ ತಟ್ಟೆಗೆ ಹಾಕಿದರೆ ದೊರೆಸಾನಿ ಹಾಗೇ ವಾಪಸು ಕಳಿಸುತ್ತಿದ್ದಳಂತೆ. ಈ ಮಾತು ಬಂದ ಮರುದಿನದಿಂದ ದಾಕ್ಷಾಯಿಣಿ ನಮ್ಮ ಹಿತ್ತಾಳೆ ತಟ್ಟೆಗಳನ್ನು ಒಲೆಯ ಮುಂದಿಟ್ಟು ಕಾಯಿಸತೊಡಗಿದಳು. ಮಾವನವರು ಕೈ ಹಿಂದಕ್ಕೆಳೆದುಕೊಂಡರು. ನಾನು ಎರಡು ಬೆರಳು ಸುಟ್ಟುಕೊಂಡೆ.

ಹೀಗೆ ದಿನಗಳು ಹೋಗುತ್ತಿರುವಾಗ ಒಂದು ಬೆಳಗ್ಗೆ ಬೆತ್ತದ ಸದ್ದು ನನ್ನ ತಲೆಯ ಹತ್ತಿರ ನಿಂತದ್ದು ಮುಂದಕ್ಕೆ ಹೋಗಲಿಲ್ಲ.

“ಅಳಿಯಂದಿರೇ, ನಿಮ್ಮ ರಜೆಗೆ ಸರಿಯಾಗಿ ಬಂದಿದ್ದೇನೆ. ನಾಲ್ಕು ಊರು ನೋಡಿಕೊಂಡು ಬರೋಣವೇ?”

ನಾನು ಉತ್ತರ ಹುಡುಕುವುದರೊಳಗೆ ಅಡುಗೆಮನೆಯಿಂದ ದಾಕ್ಷಾಯಿಣಿಯ ಧ್ವನಿ ಬಂತು. “ಅದಕ್ಕೇನು ಕೇಳೋದು ಅಪ್ಪಾಜಿ, ಕರ್ಕೊಂಡು ಹೋಗ್ತಾರೆ. ಇವರಿಗೇನು, ಮಲಗೋದು ಬಿಟ್ರೆ ಬೇರೆ ಕೆಲಸ ಏನಿದೆ?”

ಮನೆ ದಾಟಿ ಬೀದಿಯ ತಿರುವಿಗೆ ಬರುತ್ತಲೇ ಮಾವನವರು ಹಿಂದೆ ತಿರುಗಿ ನೋಡಿ, ಧ್ವನಿ ತಗ್ಗಿಸಿ ಕೇಳಿದರು. “ಈ ಕಡೆ ಒಳ್ಳೆಯ ಫ್ರೆಂಚ್ ಊಟ ಎಲ್ಲಿ ಸಿಗುತ್ತೆ?”

ನನಗೆ ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ನಮ್ಮೂರಿನಲ್ಲಿ ಹೊತ್ತಿಗೆ ಸರಿಯಾಗಿ ಒಂದು ಲೋಟ ಬಿಸಿ ಕಾಫಿ ಸಿಕ್ಕರೆ ಅದೇ ಪುಣ್ಯ. ಪೂರ್ತಿ ಊಟ ಬೇಡ, ಒಂದು ತಿಂಡಿ ಸಾಕು, ಅದರ ಹೆಸರು ಕಾರಮೆಲ್ ಎಂದರು. ಹಾಲು ಸಕ್ಕರೆಯ ತಿಂಡಿಯಂತೆ. ಹಾಲು ಸಕ್ಕರೆ ತಾನೇ ಎಂದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದೆ. ಅದರ ಮಾಲೀಕ ಪುಟ್ಟಮಾದಪ್ಪ ನನಗೆ ಪರಿಚಿತ. ಮಾವನವರು ಬೆತ್ತವನ್ನು ಮೇಜಿಗೆ ಒರಗಿಸಿ ಗಂಭೀರವಾಗಿ ಕೇಳಿದರು.

“ಕಾರಮೆಲ್ ಇದೆಯೇನಪ್ಪ?”

“ಅದೆ ಸಾ, ಕುಂತ್ಕಳಿ. ಯಾತ್ರು ಮ್ಯಾಲೆ ಆಕ್ಲಿ?”

“ಯಾವುದರ ಮೇಲೂ ಅಲ್ಲ. ತಟ್ಟೆಗೆ ಬೋರಲು ಹಾಕಿ ಕೊಡಬೇಕು.”

“ಬರೀ ಕಾರ್ವಾ ಸಾ?” ಪುಟ್ಟಮಾದಪ್ಪ ನನ್ನ ಕಡೆ ತಿರುಗಿ, “ದೊಡ್ಡೋರ್ಗೆ ವಟ್ಟೆ ಗಟ್ಟಿ ಅದಾ ಸಾ?” ಎಂದು ಪಿಸುಗುಟ್ಟಿದ. ನಾನು ಏನೂ ಹೊಳೆಯದೆ ತಲೆಯಾಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಎರಡು ಇಡ್ಲಿ ಬಂದವು. ಅವುಗಳ ನೆತ್ತಿಯ ಮೇಲೆ ಕೆಂಪಗೆ ಗುಡ್ಡೆ ಹಾಕಿದ ಮೆಣಸಿನಕಾಯಿ ಚಟ್ನಿಪುಡಿ. “ತಕಳಿ ಸಾ, ಕಾರ ಮ್ಯಾಲೆ!” ಎಂದು ಅವನು ಹೆಮ್ಮೆಯಿಂದ ನಿಂತ. ಮಾವನವರು ಕೊಟ್ಟದ್ದನ್ನು ಬಿಡುವವರಲ್ಲ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಎರಡನ್ನೂ ತಿಂದು, ಬಿಕ್ಕಳಿಕೆಯ ನಡುವೆ, “ಬಣ್ಣ ಮಾತ್ರ ಸರಿಯಾಗಿದೆ” ಎಂದರು.

ಅಷ್ಟಕ್ಕೆ ಬಿಟ್ಟಾರೆಂದು ನಾನು ಆಸೆಪಟ್ಟಿದ್ದೆ. ಬಿಡಲಿಲ್ಲ. ಮರುದಿನ ಯಳಂದೂರಿಗೆ ಹೋದೆವು. ಅಲ್ಲಿ ಚಹಾ ಕುಡಿಯುವಾಗ ಪಕ್ಕದಲ್ಲಿದ್ದ ಯಾರೋ, ಬಿಳಿಗಿರಿರಂಗನ ಬೆಟ್ಟದ ಮೇಲೆ ಹಳೆಯ ಬಂಗಲೆಯೊಂದಿದೆ, ಬಿಳಿಯರ ಕಾಲದಲ್ಲಿ ಅಲ್ಲಿ ಮೇಜಿನ ಊಟವೇ ನಡೆಯುತ್ತಿತ್ತು ಎಂದುಬಿಟ್ಟ. ಮಾವನವರು ಅರ್ಧ ಚಹಾ ಬಿಟ್ಟು ಎದ್ದರು. “ಬಿಳಿಯರು ಅಂದರೆ ಇಂಗ್ಲಿಷರು ಮಾವ, ಫ್ರೆಂಚರಲ್ಲ” ಎಂದು ನಾನು ಅವರನ್ನು ತಡೆಯಲು ನೋಡಿದೆ. “ಗೊತ್ತು. ಇಂಗ್ಲಿಷರು ಬೇಯಿಸುತ್ತಾರೆ, ಅಷ್ಟೇ. ಆದರೂ ನೋಡೋಣ” ಎಂದು ಬಸ್ಸು ಹತ್ತಿಯೇಬಿಟ್ಟರು. ಬೆಟ್ಟದ ತಿರುವುಗಳಲ್ಲಿ ಆ ಬಸ್ಸು ನನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಗಂಟಲಿನವರೆಗೆ ತಂದು ಮತ್ತೆ ಕೆಳಗಿಳಿಸುತ್ತಿತ್ತು. ಮಾವನವರು ಸೀಟಿನ ತುದಿಯಲ್ಲಿ ಕೂತು, ದಾರಿ ತಮ್ಮ ಬೆತ್ತದಿಂದಲೇ ಮುಂದೆ ಸಾಗುತ್ತಿದೆ ಎಂಬಂತೆ ನೆಲ ಕುಟ್ಟುತ್ತಿದ್ದರು.

ಬಂಗಲೆಯಲ್ಲಿ ಇದ್ದವನು ಕಾವಲಿನ ಜಡೇಗೌಡ ಒಬ್ಬನೇ. ಮಾವನವರನ್ನು ನೋಡುತ್ತಲೇ ಕೈಮುಗಿದ. “ದೊರೆಗೋಳ್ಗೆ ಬೇಯ್ಸಾಕ್ತಿದ್ದವ ನಮ್ಮಪ್ಪ ಬುದ್ಧಿ. ನಾ ಬರೀ ಕಾವ್ಲು.”

“ನೀನು ಮಾಡಬೇಕಿಲ್ಲ. ನಾನು ಹೇಳಿಕೊಡುತ್ತೇನೆ” ಎಂದರು ಮಾವನವರು. “ಹಾಲಿದೆಯೇ? ಸಕ್ಕರೆ? ಮೊಟ್ಟೆ?”

ನಾನು ಬೆಚ್ಚಿ ಅವರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

“ಹಾಲದೆ, ಸಕ್ರೆನೂ ಅದೆ. ಮೊಟ್ಟೆ ಎಲ್ತಂದನು ಬುದ್ಧಿ? ಇದ್ದ ಕೋಳಿನೆಲ್ಲ ಚಿರ್ತೆ ಒತ್ಕಂಡೋಯ್ತು” ಎಂದ ಜಡೇಗೌಡ.

ಮಾವನವರು ಮೆಟ್ಟಿಲ ಮೇಲೆ ಕೂತರು. ಅವರು ನಮ್ಮ ಮನೆಗೆ ಬಂದಾಗಿನಿಂದ ಊಟಕ್ಕೂ ಬಸ್ಸಿಗೂ ಅಲ್ಲದೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಜಡೇಗೌಡ ನೀರು ತರಲು ಒಳಗೆ ಹೋದ. ಎದುರಿಗೆ ಕಾಡು ಹಸಿರಾಗಿ ಹಬ್ಬಿತ್ತು. ಇಬ್ಬರೂ ಅದನ್ನು ನೋಡಲಿಲ್ಲ. ನಾನು ಮೆಲ್ಲಗೆ ಕೇಳಿದೆ. “ಮೊಟ್ಟೆ ಯಾರಿಗೆ ಮಾವ?”

ಅವರು ಬೆತ್ತವನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. ಆಮೇಲೆ ಕಾಡಿಗೆ ಹೇಳುವ ಹಾಗೆ ಹೇಳಿದರು. “ಅಷ್ಟು ವರ್ಷ ಆ ತಟ್ಟೆ ಹೊತ್ತಿದ್ದೇನೆ ಅಳಿಯಂದಿರೇ. ಅಡುಗೆಮನೆಯಿಂದ ಮೇಜಿನವರೆಗೆ ಕಾರಮೆಲ್ ನಡುಗುತ್ತಾ ಬರುತ್ತಿತ್ತು; ನಾನು ನಡುಗದೆ ಬರುತ್ತಿದ್ದೆ. ದೊರೆಸಾನಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ಆ ಕಣ್ಣು ಯಾಕೆ ಮುಚ್ಚಿಕೊಳ್ಳುತ್ತಿತ್ತು ಅಂತ ನನಗೆ ಗೊತ್ತಾಗಲೇ ಇಲ್ಲ.”

“ಅಂದರೆ ನೀವು...”

“ಆ ಮನೆಯಲ್ಲಿ ರೊಟ್ಟಿಯೊಂದನ್ನು ಬಿಟ್ಟು ಏನೂ ತಿಂದವನಲ್ಲ.”

ಆಗ ನನಗೆ ಹೊಳೆಯಿತು. ಊಟದ ಹೊತ್ತಿನಲ್ಲಿ ಅವರು ಹೇಳುತ್ತಿದ್ದುದೆಲ್ಲ ಸದ್ದು, ಹಬೆ, ಬಣ್ಣ, ತಟ್ಟೆಯ ಬಿಸಿ. ಉಪ್ಪು ಹುಳಿಯ ಮಾತು ಒಂದು ದಿನವೂ ಬಂದಿರಲಿಲ್ಲ.

ಹಾಗಿದ್ದರೆ ಪಾಂಡಿಚೇರಿಯಲ್ಲೇ ತಿನ್ನಬಹುದಿತ್ತಲ್ಲ ಎಂದೆ. ಅವರು ತಲೆಯಾಡಿಸಿದರು. ಮಗ ಕಾಲೇಜಿನಲ್ಲಿದ್ದಾಗ ಸ್ನೇಹಿತನ ಮನೆಯಲ್ಲಿ ಆಮ್ಲೆಟ್ ತಿಂದು ಸಿಕ್ಕಿಬಿದ್ದಿದ್ದನಂತೆ. ಇವರು ಅವನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ನಮ್ಮ ಅತ್ತೆಯವರು ಊಟ ಬಿಟ್ಟು ಕೂತ ಮೇಲೆ ತಂದೆ ಮಕ್ಕಳು ಒಂದಾದದ್ದಂತೆ. “ಈಗ ಆ ಮಗನ ಊರಲ್ಲಿ, ಅವನ ಅನ್ನ ತಿನ್ನುತ್ತಾ, ನಾನು ಯಾವ ಹೋಟೆಲಿಗೆ ಹೋಗಿ ಕೂರಲಿ? ಮೈಸೂರಿಗೆ ಹೋದರೆ ಬೀದಿಗೊಬ್ಬ ನೆಂಟ. ನನ್ನ ಗುರುತಿಲ್ಲದ ಊರು ಬೇಕಾಗಿತ್ತು, ಹುಡುಗನಾಗಿ ಬಿಟ್ಟುಹೋದ ಈ ಕಡೆ ಈಗ ನನ್ನ ಗುರುತು ಯಾರಿಗಿದೆ? ಒಂದು ಸಲ. ಒಂದೇ ಒಂದು ಚಮಚ. ವಯಸ್ಸಾಯಿತು, ಅಳಿಯಂದಿರೇ.” ಒಳಬಾಗಿಲ ಕಡೆ ಕಣ್ಣು ಹಾಯಿಸಿ, “ದಾಕ್ಷಾಯಿಣಿಗೆ ತಿಳಿಯಬಾರದು” ಎಂದರು.

ಇಂಥ ಕಡೆ ನಗಬೇಕೆಂದು ನನ್ನ ಸ್ವಭಾವ ಹೇಳುತ್ತದೆ. ಆದರೆ ಬಿಳಿ ಮೀಸೆಯ ಮನುಷ್ಯನೊಬ್ಬ ಒಂದು ಚಮಚ ಸಿಹಿಗಾಗಿ ಊರೂರು ಸುತ್ತುತ್ತ, ಮಗಳಿಗೆ ಹೆದರಿ ಬೆಟ್ಟದ ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿ ನನಗೆ ನಗು ಬರಲಿಲ್ಲ. ಹೆದರಿಕೆ ಬಂತು, ಏಕೆಂದರೆ ಆ ಮಗಳು ನನ್ನ ಹೆಂಡತಿ. ಅಪ್ಪಾಜಿಯ ಮಡಿ, ಅಪ್ಪಾಜಿಯ ನೇಮ ಎಂದು ಅವಳು ದಿನಕ್ಕೆ ಹತ್ತು ಸಲ ನನ್ನ ಮುಖಕ್ಕೆ ಹಿಡಿಯುತ್ತಿದ್ದಳು. ಅಪ್ಪಾಜಿಗೆ ಮೊಟ್ಟೆ ತಿನ್ನಿಸಿಕೊಂಡು ಬಂದ ಅಳಿಯ ಎಂದು ತಿಳಿದರೆ, ತಪ್ಪು ಅಪ್ಪಾಜಿಯದಾಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನೀರು ತಂದ ಜಡೇಗೌಡ ಎಲ್ಲವನ್ನೂ ಕೇಳಿಸಿಕೊಂಡಿದ್ದನೋ ಏನೋ. ಲೋಟ ಕೊಡುತ್ತ ತಾನಾಗಿಯೇ ಹೇಳಿದ. “ಮಾರ್ಟಳ್ಳಿಗೋಗಿ ಬುದ್ಧಿ. ನಾ ಅತ್ಲಾಗೆ ಬಿದ್ರು ಕಡ್ಯಕ್ಕೋಗಿದ್ದಾಗ ಕಂಡಿವ್ನಿ. ಅಲ್ಲೊಬ್ರು ಪರಂಗಿ ಪಾದ್ರಿ ಇದ್ರು, ನಿಮ್ ಪಾಂಡಿಚೇರಿ ಕಡೇರೇ. ಅವುರ್ಗೆ ಅಡ್ಗೆ ಮಾಡ್ತಿದ್ದ ಆರೋಗ್ಯಮ್ಮ ಅಂತ ಒಬ್ಬಮ್ಮ ಇನ್ನೂ ಗಟ್ಟಿಯಾಗವ್ಳೆ.”

ಮಾವನವರು ಎದ್ದು ನಿಂತರು. ಬೆತ್ತ ಮತ್ತೆ ನೆಲ ಕುಟ್ಟತೊಡಗಿತು.

ಮರುದಿನ ಬೆಳಗ್ಗೆ ಮಾರ್ಟಳ್ಳಿಯ ಹೆಸರೆತ್ತದೆ, ದಾರಿಯಲ್ಲಿ ಸಿಗುವ ಹನೂರಿಗೆ ಹೋಗಿ ಬರುತ್ತೇವೆಂದಾಗ ದಾಕ್ಷಾಯಿಣಿ, “ಹನೂರಲ್ಲಿ ನೋಡೋದಕ್ಕೇನಿದೆ?” ಎಂದಳು. “ಗಾಳಿ ಚೆನ್ನಾಗಿದೆಯಂತೆ” ಎಂದೆ. ಅಪ್ಪಾಜಿಗೆ ಗಾಳಿ ಬೇಕು ಎಂದರೆ ಅವಳು ಬೇಡವೆನ್ನುವುದುಂಟೇ? ಮೊಸರನ್ನದ ಬುತ್ತಿ ಕಟ್ಟಿಕೊಟ್ಟು, “ಹೊರಗೆ ಏನೂ ತಿನ್ನಿಸಬೇಡಿ, ಅಪ್ಪಾಜಿಗೆ ಆಗೋದಿಲ್ಲ” ಎಂದು ನನಗೆ ಎಚ್ಚರಿಕೆ ಕೊಟ್ಟಳು. ಆ ಬುತ್ತಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಕಲ್ಲಿನಂತೆ ಕೂತಿತ್ತು.

ಹನೂರಿನಲ್ಲಿ ಮಾರ್ಟಳ್ಳಿಯ ಬಸ್ಸಿಗೆ ಕಾಯಬೇಕಾಯಿತು. ಬಸ್ಸು ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಬಸ್ಸು ಮಾತ್ರ ಹೇಳುತ್ತಿರಲಿಲ್ಲ. ಮಾವನವರಿಗೆ ನಿಲ್ಲಲಾರದ ಚಡಪಡಿಕೆ. ಅಲ್ಲಿದ್ದ ಅರಳಿಮರವನ್ನು ಸುತ್ತತೊಡಗಿದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೆತ್ತ, ಮುಖದಲ್ಲಿ ಏನೋ ಒಂದು ಏಕಾಗ್ರತೆ. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಸೆರಗು ಹೊದ್ದು ಭಕ್ತಿಯಿಂದ ಅವರ ಹಿಂದೆ ಸುತ್ತತೊಡಗಿದರು. ಒಬ್ಬಾಕೆ ನನ್ನ ಹತ್ತಿರ ಬಂದು, “ಯಾವ್ ಮಠದೋರು ಸಾ ಇವ್ರು?” ಎಂದು ಕೇಳಿದಳು. ನಾನು ಬಸ್ಸು ಬರುವ ದಿಕ್ಕನ್ನೇ ದಿಟ್ಟಿಸಿ ನೋಡಿದೆ.

ಮಾರ್ಟಳ್ಳಿಗೆ ಇಳಿದಾಗ ಬೀದಿಯ ಮಾತು ಅರ್ಧ ತಮಿಳಾಗಿತ್ತು. ಆರೋಗ್ಯಮ್ಮನ ಮನೆ ಕೇಳಿದ ಮೊದಲ ಮನುಷ್ಯನೇ ತೋರಿಸಿದ. ನೆಟ್ಟಗೆ ನಿಂತ ಬೆನ್ನಿನ, ಎಲೆ ಅಡಿಕೆ ಹಾಕಿದ ಬಾಯಿಯ ಮುದುಕಿ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದುದನ್ನು ಮಾವನವರು ಮೊದಲು ಗಮನಿಸಿದರು. ಅವರ ಮುಖ ಅರಳಿತು. ತಮಿಳಿನಲ್ಲಿ ವಿಷಯ ಹೇಳಿದರು. ಆರೋಗ್ಯಮ್ಮ ಅವರ ಹಣೆ ನೋಡಿದಳು.

“ವಿಬೂತಿ ಇಟ್ಕಂಡು ಮೊಟ್ಟೆ ಪುಡಿಂಗು ಕೇಳ್ತಿಯಲ್ಲಯ್ಯಾ? ಯಾರಿಗೆ?”

ನನ್ನ ಮಾವನವರು, ಜೀವಮಾನದಲ್ಲಿ ಸುಳ್ಳಾಡದವರೆಂದು ನನ್ನ ಹೆಂಡತಿ ಹೊಗಳುವ ಗುರುಮಲ್ಲಪ್ಪನವರು, ಒಂದು ಕ್ಷಣವೂ ತಡಮಾಡದೆ ನನ್ನ ಕಡೆ ಬೆತ್ತ ತೋರಿಸಿದರು. “ನನಗಲ್ಲಮ್ಮ, ಅಳಿಯಂದಿರಿಗೆ. ಸ್ವಲ್ಪ ನಿಶ್ಶಕ್ತಿ.”

ಆರೋಗ್ಯಮ್ಮ ನನ್ನ ಹೊಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ರೊಂಬ ನಿಶ್ಶಕ್ತಿ” ಎಂದು ಒಳಗೆ ಹೋದಳು.

ಅವಳು ಸಕ್ಕರೆ ಸುಡಲು ಇಟ್ಟ ಹೊತ್ತಿನಿಂದ ಮಾವನವರು ಅಡುಗೆಮನೆಯ ಹೊಸಿಲು ಬಿಡಲಿಲ್ಲ. ಇನ್ನೂ ಕೆಂಪಗಾಗಬೇಕು, ಇನ್ನೂ ಸ್ವಲ್ಪ, ಸಾಕು ಸಾಕು, ಕಪ್ಪಾಯಿತು ಎಂದು ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. ಆರೋಗ್ಯಮ್ಮ ಒಂದಷ್ಟು ಹೊತ್ತು ಸಹಿಸಿಕೊಂಡಳು. ಆಮೇಲೆ ಸೌಟು ಹಿಡಿದೇ ತಿರುಗಿ, “ನೀ ತಿಂದಿದ್ದೀಯಾ?” ಎಂದಳು. “ಇಲ್ಲ” ಎಂದರು ಮಾವನವರು. “ಅಂಗಾದ್ರೆ ಸುಮ್ನೆ ಕುಂತ್ಕೋ. ಪಾದ್ರಿ ಸಾಮಿನೇ ನನ್ನ ಅಡಿಗೇಲಿ ಬಾಯಾಕ್ತಿರ್ಲಿಲ್ಲ” ಎಂದಳು. ಪಾದ್ರಿ ತನ್ನ ದೇಶಕ್ಕೆ ಹೋದ ಮೇಲೆ ಇದನ್ನು ಮಾಡು ಎಂದು ಯಾರೂ ತನ್ನನ್ನು ಕೇಳಿಲ್ಲ, ಕೈ ಮರೆತಿದೆಯೋ ಏನೋ ನೋಡಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಹಿತ್ತಾಳೆ ಬಟ್ಟಲುಗಳಿಗೆ ಸುಟ್ಟ ಸಕ್ಕರೆ ಸುರಿದು, ಮೇಲೆ ಹಾಲು ಮೊಟ್ಟೆಯ ಮಿಶ್ರಣ ಹೊಯ್ದು, ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಕೊನೆಗೆ ಒದ್ದೆ ಮರಳಿನ ಮೇಲೆ ಆರಲು ಇಟ್ಟಳು. ಆರುವವರೆಗೂ ಮಾವನವರು ಅಂಗಳದಲ್ಲಿ ಕೋಳಿಗಳ ನಡುವೆ ಸುತ್ತಿದರು. ಅವರ ಕಾಟಕ್ಕೆ ಕೋಳಿಗಳು ಮಾಡಿನ ಮೇಲೆ ಹತ್ತಿ ಕೂತವು.

ಕಡೆಗೂ ಆರೋಗ್ಯಮ್ಮ ಪಿಂಗಾಣಿ ತಟ್ಟೆಯ ಮೇಲೆ ಬಟ್ಟಲನ್ನು ಬೋರಲು ಹಾಕಿ ಎತ್ತಿದಳು. ಕಂದು ನೆತ್ತಿಯ ಆ ಹಳದಿ ಮುದ್ದೆ ಒಮ್ಮೆ ನಡುಗಿ ನಿಂತಿತು. ಅದನ್ನು ನನ್ನ ಮುಂದಿಟ್ಟಳು. ನಾನು ಅದನ್ನು ಮಾವನವರ ಮುಂದೆ ಸರಿಸಿದೆ. ಅವಳು ನೋಡದವಳಂತೆ ಮುಖ ತಿರುಗಿಸಿಕೊಂಡು ಹೊರಗೆ ಹೋದಳು. ಆ ಒಳ್ಳೆಯತನವನ್ನು ನಾನು ಮರೆತಿಲ್ಲ.

ಮಾವನವರು ಚಮಚ ಎತ್ತಿದರು. ಈ ಸಲ ನಡುಗಿದ್ದು ಅವರ ಕೈ. ಬಾಯಿಗಿಟ್ಟುಕೊಂಡರು. ನಾನು ಅವರ ಕಣ್ಣು ಮುಚ್ಚುವುದನ್ನು ಕಾಯುತ್ತಿದ್ದೆ. ಮುಚ್ಚಲಿಲ್ಲ, ಅಗಲವಾಗಿ ತೆರೆದುಕೊಂಡವು. ಮುಖ ಕೆಂಪಾಯಿತು.

“ಅಳಿಯಂದಿರೇ, ಇದು ಗಿಣ್ಣು!”

“ಏನು ಮಾವ?”

“ಗಿಣ್ಣು! ಹಸು ಕರು ಹಾಕಿದಾಗ ಮಾಡೋದಿಲ್ಲವೇ, ಆ ಗಿಣ್ಣು! ಇಷ್ಟೇನಾ? ಇಷ್ಟಕ್ಕೇನಾ ಆ ಹೆಂಗಸು ಕಣ್ಣು ಮುಚ್ಚುತ್ತಿದ್ದದ್ದು?” ಬೆತ್ತ ಕೆಳಗೆ ಬಿತ್ತು. ಯಾರೋ ತಮಗೆ ಜೀವಮಾನವಿಡೀ ಮೋಸ ಮಾಡಿದ್ದಾರೆ ಎಂಬಂತೆ ತಟ್ಟೆಯನ್ನು ನೋಡಿದರು. ಆಮೇಲೆ ಇನ್ನೊಂದು ಚಮಚ ತಿಂದರು. ಕೋಪ ಇಳಿಯಿತು. ಧ್ವನಿಯೂ ಇಳಿಯಿತು. “ನಿಮ್ಮ ಅತ್ತೆ ಮಾಡುತ್ತಿದ್ದಳು. ಪಾಂಡಿಚೇರಿಯಲ್ಲಿ ಗೌಳಿಗರ ಮನೆಗೆ ಹೋಗಿ ಕಾದು ಹಾಲು ತಂದು, ಬೆಲ್ಲ ಏಲಕ್ಕಿ ಹಾಕಿ, ನನಗೆ ಅಂತಲೇ ಮಾಡುತ್ತಿದ್ದಳು. ನಾನು ಪ್ರತಿ ಸಲ ಏನು ಹೇಳುತ್ತಿದ್ದೆ ಗೊತ್ತೇ? ನಮ್ಮ ದೊರೆ ಮನೆಯ ಕಾರಮೆಲ್ ಮುಂದೆ ಇದೆಲ್ಲ ಯಾವ ಲೆಕ್ಕ ಅಂತಿದ್ದೆ. ತಿಂದೇ ಇರಲಿಲ್ಲ, ನೋಡಿ. ಹಾಗಂತಿದ್ದೆ.”

ಮಾವನವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ತಟ್ಟೆಯಲ್ಲಿದ್ದುದನ್ನೆಲ್ಲ ನಿಧಾನವಾಗಿ ತಿಂದರು, ಸಕ್ಕರೆಯ ರಸವನ್ನೂ ಬಿಡಲಿಲ್ಲ. ಒಮ್ಮೆ ಎಲ್ಲೋ ನಡುವೆ ಅವರ ಕಣ್ಣು ಮುಚ್ಚಿಕೊಂಡವು. ಅದು ರುಚಿಗೋ ಬೇರೆ ಯಾವುದಕ್ಕೋ ನಾನು ಕೇಳಲಿಲ್ಲ. ಆರೋಗ್ಯಮ್ಮ ಎರಡನೆಯ ತಟ್ಟೆ ತಂದು ನನ್ನ ಮುಂದಿಟ್ಟಳು. ನಾನು ತಿಂದೆನೇ ಎಂದು ನೀವು ಕೇಳಬಾರದು, ನಾನು ಹೇಳಬಾರದು.

ಮನೆಗೆ ಬಂದ ಮೇಲೆ ಬುತ್ತಿ ಹಾಗೇ ಇರುವುದನ್ನು ನೋಡಿ ದಾಕ್ಷಾಯಿಣಿಯ ಹುಬ್ಬು ಗಂಟಾಯಿತು. “ಏನು ತಿಂದ್ರಿ ಅಪ್ಪಾಜಿ?” ನಾನು ಬಾವಿಯ ಕಡೆ ಜಾರುವುದರಲ್ಲಿದ್ದೆ. ಮಾವನವರು ಅಚ್ಚುಕಟ್ಟಾಗಿ ಹೇಳಿದರು. “ಗಿಣ್ಣು ತಿಂದೆನಮ್ಮ. ನಿಮ್ಮಮ್ಮನ ನೆನಪಾಯಿತು.”

ಅದು ಸುಳ್ಳಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಆ ಸಮಾಧಾನ ಒಂದು ನಿಮಿಷವೂ ಬಾಳಲಿಲ್ಲ. ದಾಕ್ಷಾಯಿಣಿಯ ಕಣ್ಣು ತುಂಬಿ ಬಂತು. “ಅಪ್ಪಾಜಿಗೆ ಗಿಣ್ಣಿನ ಆಸೆ ಇತ್ತು ಅಂತ ನನಗೆ ಹೊಳೀಲೇ ಇಲ್ಲವಲ್ಲ! ಯಾರದೋ ಮನೇಲಿ ತಿನ್ನೋ ಹಾಗಾಯ್ತು. ನಾನು ಮಾಡಿಕೊಡ್ತೀನಿ. ರೀ, ಎಲ್ಲಾದ್ರೂ ಹಸು ಕರು ಹಾಕಿದೆಯಾ ನೋಡ್ಕೊಂಡು ಬನ್ನಿ.”

ನನ್ನ ರಜೆಯ ಉಳಿದ ದಿನಗಳು ಹೇಗೆ ಕಳೆದವೆಂದು ವಿವರಿಸಿದರೆ ನಿಮಗೂ ಆಯಾಸವಾಗುತ್ತದೆ. ಬಾಡಿಗೆ ಸೈಕಲ್ ಹತ್ತಿ, ಕೈಯಲ್ಲಿ ತೂಗುವ ತಂಬಿಗೆ ಹಿಡಿದು, ಕೊಳ್ಳೇಗಾಲದ ಕೊಟ್ಟಿಗೆಗಳನ್ನೆಲ್ಲ ಸುತ್ತಿದೆ. ಬಸುರಿ ಹಸುಗಳನ್ನು ನೋಡಿ ದಿನ ಎಣಿಸುವುದನ್ನು ಕಲಿತೆ. ಸತ್ತೇಗಾಲದಲ್ಲಿ ರೈತರೊಬ್ಬರು ನನ್ನನ್ನು ನೋಡಿ ನಕ್ಕರು. “ಒಂದ್ ಅಸ ಮೊನ್ನೆನೇ ಈದ್ಬುಡ್ತು ಸಾ, ಆಗ್ಲೇ ಬಂದಿದ್ರೆ ಸಿಕ್ಕೋದು. ಇನ್ನೊಂದ್ ಅಸ ಅದೆ, ಇವತ್ತೋ ನಾಳೆಗೋ ಅನ್ನಂಗದೆ. ನಿಮ್ ಮಾವ ಊರ್ಗೋಯ್ತಾರೆ, ಬಿರ್ನೆ ಈಯವ್ವಾ ಅಂತ ಅದ್ಕೇನ್ ಏಳಕಾದದಾ?” ಎಂದರು. ಆ ಹಸುವಿನ ಮುಂದೆ ನಾನು ಎರಡು ಮಧ್ಯಾಹ್ನ ಕೂತಿದ್ದೆ. ಅದು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು, ಅದು ಮಲಗಿತ್ತು.

ಕೊನೆಗೂ ಹಸು ಕರು ಹಾಕಿತು. ಮರುದಿನದ ಹಾಲು ಸಿಕ್ಕಿತು. ದಾಕ್ಷಾಯಿಣಿ ಬೆಲ್ಲ ಏಲಕ್ಕಿ ಹಾಕಿ, ಅಮ್ಮ ಮಾಡುತ್ತಿದ್ದ ಹಾಗೆಯೇ ಗಿಣ್ಣು ಮಾಡಿ ಅಪ್ಪಾಜಿಯ ಮುಂದಿಟ್ಟಳು. ಮಾವನವರು ಒಂದು ತುತ್ತು ಬಾಯಿಗಿಟ್ಟು ಮಗಳ ಕಡೆ ತಿರುಗಿ, “ನಿಮ್ಮಮ್ಮನ ಕೈ ನಿನಗೆ ಬಂದಿದೆ, ಮಗೂ. ಅವಳಿಗೆ ಹೇಳಬೇಕಾಗಿತ್ತು. ನಿನಗೆ ಹೇಳುತ್ತೇನೆ. ತುಂಬಾ ಚೆನ್ನಾಗಿದೆ” ಎಂದರು. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಾಗಿತ್ತು. ಆದರೆ ಮಾವನವರು ಎರಡನೆಯ ತುತ್ತು ತೆಗೆದುಕೊಂಡು, ನಾಲಗೆಯ ಮೇಲೆ ಆಡಿಸಿ, ಯಾವುದೋ ಲೋಕದಲ್ಲಿದ್ದವರ ಹಾಗೆ, “ಏನೋ ಒಂದು ಕಮ್ಮಿ” ಎಂದುಬಿಟ್ಟರು.

“ಏನು ಕಮ್ಮಿ ಅಪ್ಪಾಜಿ? ಏಲಕ್ಕಿಯಾ? ಬೆಲ್ಲವಾ?”

ಮಾವನವರು ಬೆಚ್ಚಿ ನನ್ನ ಮುಖ ನೋಡಿದರು. ಏನು ಕಮ್ಮಿ ಎಂದು ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಇಬ್ಬರೂ ಹೇಳುವಂತಿರಲಿಲ್ಲ. “ಹಾಲು” ಎಂದೆ ನಾನು. “ಹಾಲು ಮೊದಲ ದಿನದ್ದಲ್ಲ, ಅದಕ್ಕೇ.”

“ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡ್ಕೊಂಡು ಬರೋದಿಲ್ಲವಲ್ಲ ನೀವು!” ಎಂದಳು ದಾಕ್ಷಾಯಿಣಿ. “ನಾಳೆ ಹೋಗಿ ಮೊದಲ ದಿನದ ಹಾಲೇ ತನ್ನಿ.”

ನಾಳೆ ಎಂದರೆ ನನ್ನ ರಜೆಯ ಕಡೆಯ ದಿನ. ಬೆಳಗ್ಗೆ ತಂಬಿಗೆ ಹಿಡಿದು ಹೊರಟಾಗ ಮಾವನವರೂ ಬೆತ್ತ ತೆಗೆದುಕೊಂಡರು. “ನಾನೂ ಜೊತೆಗೆ ಹೋಗಿ ಬರುತ್ತೇನಮ್ಮ. ಇವರಿಗೆ ಹಸು ಗುರುತು ಸಿಗೋದಿಲ್ಲ.” ಅಪ್ಪಾಜಿಯೇ ಹೊರಟರೆಂದು ದಾಕ್ಷಾಯಿಣಿ ಬಾಗಿಲವರೆಗೆ ಬಂದು ನಿಂತಳು. ಬೀದಿಯ ತಿರುವಿನವರೆಗೆ ಇಬ್ಬರೂ ಸತ್ತೇಗಾಲದ ದಿಕ್ಕಿಗೇ ಮುಖ ಮಾಡಿ ಗಂಭೀರವಾಗಿ ನಡೆದೆವು. ತಿರುವು ದಾಟಿ, ಅವಳ ಕಣ್ಣಿಗೆ ಮರೆಯಾದ ಮೇಲೆ, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಹನೂರಿನ ಬಸ್ಸು ನಿಲ್ಲುವ ಕಡೆಗೆ ತಿರುಗಿದೆವು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮಾವನವರ ಧ್ವನಿ ಕೇಳಿಸಿತು.

“ಅಳಿಯಂದಿರೇ, ಸ್ವಲ್ಪ ನಿಧಾನ. ಈ ವಯಸ್ಸಿನಲ್ಲಿ ನಿಮ್ಮಷ್ಟು ಜೋರಾಗಿ ನಡೆಯೋದಕ್ಕೆ ನನ್ನಿಂದಾಗದು.”